ಹದಿನಾಲ್ಕರಿಂದ ಹನ್ನೊಂದಕ್ಕೆ

ತಾನು ಫೋನಿನವನು ಎಂಬ ಹೆಮ್ಮೆ ಚಲಪತಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವನು. ಸುರಂಗದ ತಳದಿಂದ ಬಂದ ಕರೆಯನ್ನು ಮೇಲಿನ ಆಸ್ಪತ್ರೆಗೆ ಸೇರಿಸಿದ ಕೈ ಅದು. ಈಗ ಐವತ್ತೆಂಟು ವಯಸ್ಸು. ದಿನಾ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಸ್ಟೇಷನ್ ಹತ್ತಿರದ ಪುಟ್ಟ ಅಂಗಡಿಯಲ್ಲಿ ಮಗಳು ರೂಪಳ ಜೊತೆ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುತ್ತಾನೆ. ಮಗಳ ಕೈ ಅವನಿಗಿಂತ ಚುರುಕು. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದವರು ಯಾರೂ ಇಲ್ಲ.

ಅವನ ಮನೆ ನಂದಿದುರ್ಗದಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನಿನಲ್ಲಿ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಮಗ್ಗುಲಿಗಿರುವ ಆ ಮನೆಗಳೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅಲ್ಲಿನ ಮುದುಕರಲ್ಲಿ ಅರ್ಧ ಜನರದು ಗಣಿಯ ಧೂಳು ಕುಡಿದ ಎದೆ. ಉಬ್ಬಸ ಏರಿದರೆ ಕೂಗುವುದಕ್ಕೂ ಉಸಿರು ಸಾಲದು. ಅದಕ್ಕೇ ಚಲಪತಿ ಕಳೆದ ವರ್ಷ ಒಂದು ಕೆಲಸಕ್ಕೆ ಕೈ ಹಾಕಿದ. ಬೆಂಗಳೂರಿನ ಆಫೀಸುಗಳು ಎಸೆದ ಮೇಜು ಫೋನುಗಳನ್ನು ತಂದು ನಾಲ್ಕು ಲೈನುಗಳ ಇಪ್ಪತ್ತು ಮನೆಗಳಿಗೆ ತಂತಿ ಎಳೆದ. ತನ್ನ ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟರೆ ಎಲ್ಲ ಕರೆಯನ್ನೂ ಅದೇ ಜೋಡಿಸುತ್ತದೆ. ಮನೆಗೊಂದು ನಂಬರು. ಕೊನೆಯ ಲೈನಿನಲ್ಲಿ ಆಟೋ ಇಟ್ಟುಕೊಂಡಿರುವ ಕುಪ್ಪುಸ್ವಾಮಿಯದು ಹನ್ನೊಂದು. ಯಾರಿಗೆ ಮೈ ಕೆಟ್ಟರೂ ಹನ್ನೊಂದು ಒತ್ತಿದರೆ ಸಾಕು.

ಯಾವ ಕಂಪ್ಯೂಟರ್ ಇಡುವುದು ಎನ್ನುವಲ್ಲಿ ಅಪ್ಪ ಮಗಳಿಗೆ ಜಗಳ ಹತ್ತಿಕೊಂಡಿತು. ರೂಪ ಸೋಪಿನ ಡಬ್ಬಿಯಷ್ಟು ಪುಟ್ಟದೊಂದನ್ನು ತಂದು ಸ್ಟೂಲಿನ ಮೇಲಿಟ್ಟಳು.

"ನಾಯ್ನಾ, ಇದು ಒಂದು ಬಲ್ಬಿನಷ್ಟೂ ಕರೆಂಟು ಕುಡಿಯಲ್ಲ. ಫೋನುಗಳಿಗೆ ಇಟ್ಟಿರೋ ಬ್ಯಾಟ್ರೀಲೇ ಓಡ್ತದೆ. ಕರೆಂಟು ಓದ್ರೂ ಸಂಜೆಗಂಟ ತಡೀತದೆ," ಎಂದಳು.

ಫೋನು ಶುರುವಾಗುವುದು ಆಯುಧಪೂಜೆಯ ದಿನ ಎಂದು ಗೊತ್ತಾಗಿತ್ತು. ಪೂಜೆಯಾಗದೆ ಮಿಷಿನ್ ಮುಟ್ಟಬಾರದೆಂಬುದು ಗಣಿಯ ಕಾಲದಿಂದ ಬಂದ ರೂಢಿ. ಹಿಂದಿನ ದಿನ ಚಲಪತಿ ಒಂದು ಮೊಳ ಸೇವಂತಿಗೆ ಹಾರ ತಂದು ಡಬ್ಬಿಗೆ ಹಾಕಿ ನೋಡಿದ. ಡಬ್ಬಿ ಹೂವಿನೊಳಗೆ ಮುಳುಗಿಯೇ ಹೋಯಿತು. ಮೂರು ಪಟ್ಟೆ ವಿಭೂತಿ ಎಳೆಯಲೂ ಜಾಗವಿರಲಿಲ್ಲ.

"ಏನಣ್ಣೋ, ಪೂಜೆ ಸೋಪಿಗಾ?" ಎಂದ ಕುಪ್ಪುಸ್ವಾಮಿ. ನೋಡಲು ನೆರೆದಿದ್ದವರೆಲ್ಲ ಗೊಳ್ಳೆಂದರು.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದು ಬೇರೆಯವರಿಗೆ ಹೇಳಲು ಚೆಂದದ ಮಾತು. ಚಲಪತಿಗೆ ಆ ನಗು ಚುಚ್ಚಿತು. "ಎತ್ತಮ್ಮ ಇದ್ನ ಅತ್ಲಾಗೆ," ಎಂದು ಎಲ್ಲರೆದುರೇ ಮಗಳ ಮೇಲೆ ಹರಿಹಾಯ್ದ. "ಎಕ್ಸ್‌ಚೇಂಜ್ ನಡೆಸ್ದೋನು ನಾನು. ಮಿಷಿನ್ ಅಂದ್ರೆ ಊವಿನ ಆರ ಆಕುಸ್ಕೊಳ್ಳೋ ಮೈ ಇರ್ಬೇಕು. ನಿನ್ನ ಆಟದ ಸಾಮಾನು ಅಂಗಡೀಲಿಟ್ಕೋ ಓಗು."

ರೂಪ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಮರುದಿನ ಬಂಗಾರಪೇಟೆಯ ಯಾವುದೋ ಮುಚ್ಚಿದ ಆಫೀಸಿನ ಭಾರಿ ಕಂಪ್ಯೂಟರೊಂದು ಹಾರ, ಕುಂಕುಮ, ನಿಂಬೆಹಣ್ಣು ಎಲ್ಲ ಹೊತ್ತು ಮದುವಣಿಗನಂತೆ ಕೂತಿತು. ಕರೆಂಟು ಹೋದರೆ ಅದರ ಯುಪಿಎಸ್ ಹತ್ತೇ ನಿಮಿಷ ತಡೆಯುತ್ತದೆಂದು ಚಲಪತಿಗೆ ಮೊದಲ ವಾರವೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹೋದ ಕರೆಂಟು ಮೂರು ಗಂಟೆ ಬರಲಿಲ್ಲ. ಹದಿನಾಲ್ಕನೇ ನಂಬರಿನ ಮನೆಯಲ್ಲಿ ಹಳೆಯ ಗಣಿ ಕೆಲಸಗಾರ ಪೆರುಮಾಳ್‌ಗೆ ಉಬ್ಬಸ ಏರಿತು. ಹೆಂಡತಿ ಸೆಲ್ವಿ ಫೋನೆತ್ತಿ ಹನ್ನೊಂದು ಒತ್ತಿದಳು. ಫೋನಿಗೆ ಬ್ಯಾಟರಿ ಇತ್ತು, ಅದರ ಪುಟ್ಟ ಪರದೆ ಬೆಳಗುತ್ತಲೇ ಇತ್ತು; ಕರೆ ಜೋಡಿಸಬೇಕಾದ ಮದುವಣಿಗ ಮಾತ್ರ ಸತ್ತು ಕೂತಿದ್ದ. ಗಂಡನನ್ನು ಬಿಟ್ಟು ಹೋಗಲಾರದೆ ಅವಳು ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಕೊನೆಗೆ ಮಂಡಿನೋವಿನ ಕಾಲೆಳೆದುಕೊಂಡು ಬಿಸಿಲಲ್ಲಿ ಕೊನೆಯ ಲೈನಿಗೆ ಹೋಗಿ, ಊಟಕ್ಕೆ ಮನೆಗೆ ಬಂದಿದ್ದ ಕುಪ್ಪುಸ್ವಾಮಿಯನ್ನು ಕರೆತರುವಷ್ಟರಲ್ಲಿ ಪೆರುಮಾಳ್‌ನ ತುಟಿ ನೀಲಿಗಟ್ಟಿತ್ತು. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದ. ಜೀವ ಉಳಿಯಿತು, ಆದರೆ ಮಂಚದಿಂದ ಬಾಗಿಲಿಗೆ ಬರಲು ಈಗ ಎರಡು ಸಲ ನಿಲ್ಲಬೇಕು.

ಚಲಪತಿ ನೋಡಲು ಹೋದಾಗ ಸೆಲ್ವಿ ಅತ್ತಳು. "ನಂದೇ ತಪ್ಪು ಕಣಪ್ಪ. ಗಾಬ್ರೀಲಿ ಏನೋ ತಪ್ಪು ಒತ್ಬುಟ್ಟೆ. ನೀನು ಅಷ್ಟು ಕಷ್ಟಬಿದ್ದು ಆಕ್ಕೊಟ್ಟೆ, ನಂಗೆ ಒತ್ತಕ್ಕೆ ಬರ್ಲಿಲ್ಲ."

"ಓದು ಬರಹ ಇಲ್ದೋಳು. ಇವಳ ಕೈಲಿ ನನ್ನ ಜೀವ!" ಎಂದು ಮಂಚದಿಂದ ಪೆರುಮಾಳ್ ಏದುಸಿರಲ್ಲೇ ಬೈದ.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಚಲಪತಿ ಬಾಯಿ ತೆರೆದ. "ಗಾಬ್ರೀಲಿ ಅಂಗೇ ಆಗೋದು, ಬಿಡಕ್ಕ," ಎಂದ.

ಬಾಗಿಲಲ್ಲಿ ನಿಂತಿದ್ದ ರೂಪ ಅಪ್ಪನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅವಳು ಜಗಳವಾಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಆಮೇಲೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು: ರೈಲಿನಲ್ಲಿ ಯಾರಾದರೂ ಕರೆಂಟಿನ ಸುದ್ದಿ ಎತ್ತಿದರೂ ತನಗೇ ಅಂದ ಹಾಗೆ ಬೆಚ್ಚುತ್ತಿದ್ದ. ಸೆಲ್ವಿಯ ಮನೆ ಮುಂದೆ ಹಾಯಬೇಕಾಗುತ್ತದೆಂದು ಗುಡ್ಡ ಬಳಸಿ ಸ್ಟೇಷನ್ನಿಗೆ ನಡೆಯುತ್ತಿದ್ದ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ, ರೂಪ ಸಂತೆಗೆ ಹೋದ ಹೊತ್ತು ನೋಡಿ, ಹಿಂದಿನ ದಿನವೇ ಅಂಗಡಿಯಿಂದ ಕದ್ದವನಂತೆ ತಂದಿಟ್ಟಿದ್ದ ಸೋಪಿನ ಡಬ್ಬಿಯನ್ನು ಹೊರತೆಗೆದ. ಸದ್ದಿಲ್ಲದೆ ಮಿಷಿನ್ ಬದಲಾಯಿಸಿಬಿಟ್ಟರೆ ತಪ್ಪೂ ಸದ್ದಿಲ್ಲದೆ ಮುಗಿಯುತ್ತದೆ ಎಂದು ಅವನ ಲೆಕ್ಕ. ಹಳೆಯದರಿಂದ ನಂಬರುಗಳನ್ನು ಇಳಿಸಿಕೊಳ್ಳುವಾಗ ಕರೆಗಳ ಪಟ್ಟಿ ಪರದೆಯ ಮೇಲೆ ಬಂತು.

ಹದಿನಾಲ್ಕರಿಂದ ಹನ್ನೊಂದಕ್ಕೆ, ಒಂದು ರಿಂಗು, ಕಟ್ಟು. ಹದಿನಾಲ್ಕರಿಂದ ಹನ್ನೊಂದಕ್ಕೆ, ಒಂದು ರಿಂಗು, ಕಟ್ಟು. ದಿನಾ ಬೆಳಿಗ್ಗೆ, ಕುಪ್ಪುಸ್ವಾಮಿ ದಿನದ ಮೊದಲ ಬಾಡಿಗೆಗೆ ಹೋಗಿ ಅವನ ಮನೆಗೆ ಬೀಗ ಬಿದ್ದ ಮೇಲೆ, ಇಪ್ಪತ್ತು ಸಲ, ಮೂವತ್ತು ಸಲ. ಪೆರುಮಾಳ್ ಆಸ್ಪತ್ರೆಯಿಂದ ಬಂದ ಮರುದಿನದಿಂದ ಇವತ್ತಿನವರೆಗೆ ಒಂದು ದಿನವೂ ತಪ್ಪಿರಲಿಲ್ಲ. ಸೆಲ್ವಿ ಒತ್ತುವುದನ್ನು ಕಲಿಯುತ್ತಿದ್ದಳು.

ಚಲಪತಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಲಸ ಅರ್ಧಕ್ಕೇ ಬಿಟ್ಟು ಎದ್ದ. ಸೆಲ್ವಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅಕ್ಕಾ, ಅವತ್ತು ನೀನು ಸರ್ಯಾಗೇ ಒತ್ತಿದ್ದೆ. ಕರೆಂಟಿಲ್ದೆ ನನ್ನ ಮಿಷಿನ್ ಸತ್ತಿತ್ತು. ಅದು ತಡಿಯಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು."

ಸೆಲ್ವಿ ಮೊರ ಕೆಳಗಿಟ್ಟು ಎದ್ದು, ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಮಂಚದ ಮುಂದೆ ನಿಲ್ಲಿಸಿದಳು. "ಇವರಿಗೇಳು," ಎಂದಳು.

ಹೇಳಿದ. ಇಪ್ಪತ್ತೆಂಟು ವರ್ಷ ಸುರಂಗದಲ್ಲಿ ಸಿಡಿಮದ್ದಿನ ಸದ್ದು ಕೇಳಿ ಮಂದವಾದ ಕಿವಿ ಪೆರುಮಾಳ್‌ನದು. "ಆಂ?" ಎಂದ.

"ಜೋರಾಗೇಳು," ಎಂದಳು ಸೆಲ್ವಿ.

ಚಲಪತಿ ದನಿ ಏರಿಸಿದ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಇಣುಕಿದವು. ಸಂತೆಯ ಚೀಲ ಹಿಡಿದು ಬರುತ್ತಿದ್ದ ರೂಪ ಅಲ್ಲೇ ನಿಂತಳು. ಪೆರುಮಾಳ್ ಇನ್ನೂ ಕಿವಿಗೆ ಕೈ ಹಿಡಿದೇ ಇದ್ದ.

"ಅಕ್ಕ ಸರ್ಯಾಗೇ ಒತ್ತಿದ್ಳು!" ಎಂದು ಚಲಪತಿ ಮೂರನೇ ಸಲ, ಇಡೀ ಲೈನಿಗೆ ಕೇಳುವಂತೆ ಕೂಗಿದ. "ತಪ್ಪು ನಂದು! ನನ್ನ ಮಗಳು ತಡಿಯೋ ಮಿಷಿನ್ ತಂದಿದ್ಳು, ನಾನು ಬೇಡ ಅಂದೆ!"

ಪೆರುಮಾಳ್ ಕೈ ಇಳಿಸಿ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಆಗ ಸೆಲ್ವಿ ಚಲಪತಿಯ ರಟ್ಟೆ ಬಿಟ್ಟಳು.