ಮುಚ್ಚಿದರೆ ಏಳದ ಲ್ಯಾಪ್‌ಟಾಪ್

ಗೆಳೆಯರೇ, ನಾಳೆ ಬೆಳಿಗ್ಗೆ ರೈಲು, ದಾರಿಯಲ್ಲೇ ಒಂದು ಅನುವಾದ ಮುಗಿಸಬೇಕು. ಅದಕ್ಕೆಂದು ಇವತ್ತು ಸೊಲ್ಲಾಪುರದ ಅಂಗಡಿಯೊಂದರಲ್ಲಿ ಲಿನಕ್ಸ್ ಹಾಕಿದ ಪುಟ್ಟ, ಅಗ್ಗದ, ಹಳೆಯ ಲ್ಯಾಪ್‌ಟಾಪ್ ಆರಿಸಿದೆ. ಪರೀಕ್ಷೆಗೆಂದು ನಾಲ್ಕು ಸಾಲು ಬರೆದೆ, ಕನ್ನಡ ಚೆನ್ನಾಗಿಯೇ ಮೂಡಿತು. ಒಮ್ಮೆ ಮುಚ್ಚಿ ತೆರೆದೆ. ಪರದೆ ಕಪ್ಪಾಗಿಯೇ ಉಳಿಯಿತು.

“ಗಾಬರಿ ಆಗಬ್ಯಾಡ್ರಿ ಅಕ್ಕಾರ, ಅದಕ್ಕ ನಿದ್ದಿ ಹತ್ತೈತಿ,” ಎಂದ ಅಂಗಡಿಯವ.

“ಹಂಗಾರ ಎಬ್ಬಸ್ರಿ,” ಎಂದೆ.

ಎಲ್ಲ ಕೀಲಿಗಳನ್ನೂ ಒತ್ತಿದ. ಅದು ಏಳಲಿಲ್ಲ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ನಾನು ಬರೆದದ್ದು ಮಾಯವಾಗಿತ್ತು.

“ಮುಚ್ಚಲಿಲ್ಲಂದ್ರ ಆತಲ್ರೀ! ಬಾಕಿ ಏಕದಮ್ ಚಲೋ ಐತಿ.”

ಅಷ್ಟು ಸಣ್ಣದು ಬೇರೆ ಇರಲಿಲ್ಲ. ಅದನ್ನೇ ತೆಗೆದುಕೊಂಡೆ.

ಮನೆಗೆ ಮರಳುವಾಗ ಅಕ್ಕಲಕೋಟೆ ಬಸ್ಸಿನಲ್ಲಿ ಪಕ್ಕದ ಅಜ್ಜಿ ನನ್ನ ತೊಡೆಯ ಮೇಲೆ ತೆರೆದೇ ಇದ್ದ ಲ್ಯಾಪ್‌ಟಾಪನ್ನು ಬಗ್ಗಿ ನೋಡಿದರು. “ಏನ್ ನೋಡಾಕತ್ತೀಯವ್ವಾ?”

“ಏನೂ ಇಲ್ರಿ ಆಯಿ. ಮುಚ್ಚಾಕ ಹೆದರಿಕಿ.”