ಎಲ್ಲರೂ ಹುಡುಕುವುದು ಮಾಯಪ್ಪನನ್ನೇ

ಇಚಲಕರಂಜಿಯ ಈ ಮಗ್ಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಹೊರಗೆ ಬೆಳಕು ಹರಿಯುತ್ತಿದೆ. ಒಳಬಾಗಿಲ ಪಕ್ಕ, ಚಹಾದ ಕಿಟಲಿ ಇಡುವ ಕಟ್ಟೆಗೆ ತಾಗಿಕೊಂಡು ಒಂದು ಮೇಜು, ಒಂದು ಕಂಪ್ಯೂಟರ್, ಎರಡು ಕುರ್ಚಿ. ಕಾಂಚನ ಓಢಣಿಯ ತುದಿಯಿಂದ ಪರದೆಯ ಮೇಲಿನ ಹತ್ತಿಯ ದೂಳನ್ನು ಒರೆಸುತ್ತಾರೆ. ಒರೆಸಿ ಮುಗಿಸುವಷ್ಟರಲ್ಲಿ ಅದು ಮತ್ತೆ ತೆಳ್ಳಗೆ ಬಂದು ಕೂತಿರುತ್ತದೆ. ಗೋಡೆಯಾಚೆ ಮಗ್ಗಗಳ ಸದ್ದು ಎಷ್ಟಿದೆಯೆಂದರೆ ಇಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಕಾಂಚನ ಅವರ ಬಗ್ಗೆ ಬರೆಯಲು ಬಂದ ನನ್ನ ಪ್ರಶ್ನೆಗಳನ್ನು ಅವರು ಎರಡೆರಡು ಸಲ ಕೇಳಿಸಿಕೊಳ್ಳಬೇಕಾಗುತ್ತದೆ.

ಮೊದಲು ಬರುವವನು ನೇಕಾರ ಯುವರಾಜ. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, "ತಾಈ, ರಜೇಚಾ ಅರ್ಜ ಕುಠಂ ಹಾಯ್?" ಎಂದು ಮರಾಠಿಯಲ್ಲಿ, ಅಕ್ಕಾ ರಜೆ ಅರ್ಜಿ ಎಲ್ಲಿದೆ ಎಂದು ಕೇಳುತ್ತಾನೆ. ಕಾಂಚನ ಕೀಲಿಮಣೆಯನ್ನು ಅವನ ಕಡೆ ತಳ್ಳುತ್ತಾರೆ.

"ನೀನ ಹುಡುಕು. ನಾ ತಗದ ಕೊಟ್ಟರ ನಾಳಿ ಮತ್ತ ಬರ್ತಿ."

"ಮತ್ತ ಬರಾಕಂತನ ಕೇಳೋದು, ತಾಈ. ಇಲ್ಲಿ ಚಹಾ ಬಾಜೂಕ ಐತಿ."

ಸಂಸ್ಥೆ ದೊಡ್ಡದು. ಹಳೆಯ ಮಗ್ಗಗಳು ಇಲ್ಲಿ, ಹೊಸವು ಗಡಹಿಂಗ್ಲಜದಲ್ಲಿ, ಮುಖ್ಯ ಕಚೇರಿ ಕೊಲ್ಹಾಪುರದಲ್ಲಿ. ರಜೆಯ ನಿಯಮ, ಭವಿಷ್ಯ ನಿಧಿಯ ಅರ್ಜಿ, ಯಂತ್ರಗಳ ಕೈಪಿಡಿ ಎಲ್ಲವನ್ನೂ ಒಂದೇ ಕಡೆ ತುಂಬಿ ಹುಡುಕುವ ವ್ಯವಸ್ಥೆ ಮಾಡಿದ್ದಾರೆ. ಅದು ಈ ಕಂಪ್ಯೂಟರಿನಲ್ಲೂ ಕಾರ್ಮಿಕರ ಮೊಬೈಲಿನಲ್ಲೂ ತೆರೆಯುತ್ತದೆ. ಎರಡು ಶಬ್ದ ಬರೆದರೆ, ಇಲ್ಲವೇ ಬಾಯಲ್ಲಿ ಹೇಳಿದರೆ, ಬೇಕಾದದ್ದು ಎದುರಿಗೆ ಬರಬೇಕು. ಇಲ್ಲಿಯವರ ಬಾಯಲ್ಲಿ ಅದು 'ಡಬ್ಬಿ'.

ಡಬ್ಬಿಯಲ್ಲಿ ಬೇಕಾದದ್ದು ಬರುವಂತೆ ಮಾಡುವುದು ಕಾಂಚನ ಅವರ ಕೆಲಸ. ಪಾಳಿ ಬದಲಾಗುವಾಗ ಮೇಜಿನಲ್ಲಿ ಕೂತು ಹುಡುಕಲು ಕಲಿಸುತ್ತಾರೆ. ಗದ್ದಲ ಇಳಿದ ಮೇಲೆ, ಹಿಂದಿನ ದಿನ ಹುಡುಕಿ ಏನೂ ಸಿಗದೆ ಹೋದವರು ಏನು ಕೇಳಿದ್ದರು ಎಂದು ಓದುತ್ತಾರೆ. ದಿನಕ್ಕೆ ಐನೂರರ ಆಸುಪಾಸು ಹುಡುಕಾಟ; ಹಿಂದೆ ಅದರಲ್ಲಿ ಕಾಲುಭಾಗ ಬರಿಗೈ ಆಗುತ್ತಿತ್ತು. ಬರಿಗೈಯಾದ ಒಂದೊಂದು ಪ್ರಶ್ನೆಯ ಹಿಂದೆ ಹೋಗಿ, ಕೇಳಿದವರನ್ನು ಕಂಡು, ಉತ್ತರವಿರುವ ಪುಟಕ್ಕೆ ಅದನ್ನು ಜೋಡಿಸುತ್ತಾರೆ. "ಎಳಿ ಹರದ್ರ ಗಂಟ ಹಾಕ್ತೀವಲ್ರಿ, ಹಂಗ. ಗಂಟ ಕಾಣಬಾರದು, ಬಟ್ಟಿ ಕಾಣಬೇಕು" ಎನ್ನುತ್ತಾರೆ.

ಗಂಟಿನ ಮಾತು ಮನೆಯಿಂದ ಬಂದದ್ದು. ಅಪ್ಪ ಬನಹಟ್ಟಿ ಕಡೆಯಿಂದ ಮಗ್ಗ ನಂಬಿ ಬಂದವರು, ಈಗಿಲ್ಲ. ಅವ್ವ ತಂಗೆವ್ವ ಕಣ್ಣು ಮಂಜಾಗುವವರೆಗೆ ಕಾಂಡಿಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತಿದವರು. ಈಗ ಉಬ್ಬಸದಿಂದ ಹಾಸಿಗೆ ಬಿಟ್ಟೇಳುವುದಿಲ್ಲ. ಮಗಳು ಹಗಲು ಬಟ್ಟೆ ಮಡಚುವ ಕೆಲಸ ಮಾಡುತ್ತ ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಬಿ.ಎ. ಮಾಡಿದರು. ಈ ಮೇಜಿಗೆ ಬಂದ ಮೊದಲ ವರ್ಷ ಮೇಲ್ವಿಚಾರಕರೇ ನಗುತ್ತಿದ್ದರಂತೆ. "ಮಗ್ಗದ ಮಂದಿ ಏನ ಹುಡುಕ್ತಾರ, ಚಹಾ ಹುಡುಕ್ತಾರ ಅಂತಿದ್ರು. ಅದೂ ಖರೇನ ಅನ್ರಿ."

ನಗು ನಿಂತದ್ದು ಕಳೆದ ಯುಗಾದಿಯ ಹೊತ್ತಿಗೆ. ಕೊಲ್ಹಾಪುರದಲ್ಲಿ ಈ ವ್ಯವಸ್ಥೆಯನ್ನು ನೋಡಿಕೊಳ್ಳುವ ಅಧಿಕಾರಿ ಅಭಯ ಫೋನು ಮಾಡಿ ಸುದ್ದಿ ಹೇಳಿದರು: ದೀಪಾವಳಿಯೊಳಗೆ ಬರಿಗೈ ಹುಡುಕಾಟ ಅರ್ಧಕ್ಕಿಳಿಯದಿದ್ದರೆ ಇಚಲಕರಂಜಿಯ ಮೇಜು ತೆಗೆಯುತ್ತಾರೆ, ಕಾಂಚನ ಕೊಲ್ಹಾಪುರದಲ್ಲಿ ಕೂತು ಫೋನಿನಲ್ಲೇ ಸಹಾಯ ಮಾಡಬೇಕು. "ಬಸ್ಸಿನಾಗ ಹೋಗಿ ಬರೋದು ದೊಡ್ಡದಲ್ರಿ. ಮಧ್ಯಾಹ್ನ ಇಲ್ಲಿಂದ ಓಡಿ ಹೋಗಿ ನಮ್ಮವ್ವಗ ಉಣಿಸಿ ಬರ್ತೇನಿ. ಕೊಲ್ಹಾಪುರದಿಂದ ಹೆಂಗ ಓಡ್ಲಿ?" ಮೇಜು ಹೋದರೆ ಕೆಲಸ ಬಿಡುವುದೊಂದೇ ದಾರಿ.

ಬರಿಗೈಯಾದ ಹುಡುಕಾಟಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುತ್ತಿದ್ದ ಹೆಸರು ಒಂದೇ: ಮಾಯಪ್ಪ.

ಮಾಯಪ್ಪ ಇಲ್ಲಿಯ ಹಿರಿಯ ಜಾಬರ್, ಅಂದರೆ ಮಗ್ಗ ರಿಪೇರಿ ಮಾಡುವವರು. ಮಗ್ಗ ಕೆಟ್ಟರೆ ಏನು ಕೆಟ್ಟಿತೆಂದು ಇಲ್ಲಿ ಯಾರೂ ಹೇಳುವುದಿಲ್ಲ. "ಮಾಯಪ್ಪಾ" ಎಂದು ಕೂಗುತ್ತಾರೆ. ಡಬ್ಬಿ ಬಂದ ಮೇಲೂ ಅದೇ ರೂಢಿ. ಬಟ್ಟೆಗೆ ಅಡ್ಡಪಟ್ಟಿ ಬಿದ್ದರೂ ಮಾಯಪ್ಪ, ಎಳೆ ಹರಿದರೂ ಮಾಯಪ್ಪ. ಡಬ್ಬಿಯೋ ಪಾಪ, ಅವರ ಗುರುತಿನ ಚೀಟಿಯ ಫೋಟೋ ತೋರಿಸಿ ಸುಮ್ಮನಾಗುತ್ತಿತ್ತು; ಅದೂ ಬರಿಗೈಯ ಲೆಕ್ಕಕ್ಕೇ ಸೇರುತ್ತಿತ್ತು.

"ನನ್ನ ಮೇಜಿನ್ಯಾಗ ಕುಂತು, ನನ್ನ ಎದುರಿಗೇ, ಅವರ ಹೆಸರ ಬರೀತಾರ್ರಿ" ಎನ್ನುತ್ತಾರೆ ಕಾಂಚನ. "ವಾರಗಟ್ಟಲೆ ಕುಂತ ಒಂದ ಪುಟ ಹೊಂದಿಸಿರ್ತೇನಿ. ಅದನ್ನ ನೋಡಿ, 'ಇದು ಮಾಯಪ್ಪ ಅಲ್ಲ' ಅಂತ ಎದ್ದ ಹೋಗ್ತಾರ. ಮಾಯಪ್ಪ ಕಾಕಾನ ಮ್ಯಾಲ ಹೊಟ್ಟಿಕಿಚ್ಚ ಆಗ್ತಿತ್ತು. ಸುಳ್ಳ ಯಾಕ ಹೇಳ್ಲಿ." ಹೊಟ್ಟೆಕಿಚ್ಚನ್ನು ಚಹಾ ಕೊಟ್ಟಷ್ಟು ಸರಾಗವಾಗಿ ಎದುರಿಗಿಡುವವರು ಕಡಿಮೆ. ನಮ್ಮಂಥವರು ಅದನ್ನು ದಿನಚರಿಯಲ್ಲಿ ಮಡಚಿಡುತ್ತೇವೆ.

ಕಟ್ಟೆಯ ಮೇಲೆ ಕೂತ ಮಾಯಪ್ಪನವರದು ಆಗ ಇನ್ನೊಂದು ಉರಿ. "ಮೊದಲ ನಾ ಚಹಾಕ್ಕ ಕುಂತ್ರ ನಾಕ ಮಂದಿ ಹುಡಿಕ್ಯೋತ ಬರ್ತಿದ್ರು, ಅರ್ಧಾ ಕಪ್ ಬಿಟ್ಟ ಏಳ್ತಿದ್ದೆ. ಡಬ್ಬಿ ಬಂದ ಮ್ಯಾಲ ಮೊದಲ ಮೊಬೈಲ್ ಒತ್ತಾಕ ಹತ್ತಿದ್ರು. ನಾ ಕಪ್ ಪೂರ್ತಿ ಕುಡೀತಿದ್ದೆ. ಆರಾಮ ಐತಲ್ಲ ಕಾಕಾ ಅಂತಿದ್ರು. ಯಾಂವಗ ಬೇಕಾಗಿತ್ತು ಆರಾಮ?" ಯಾರಾದರೂ ಅವರನ್ನು ಕೇಳಲು ಬಂದರೆ, "ಕಾಂಚನಾನ ಡಬ್ಬಿ ಕೇಳು ಹೋಗು, ಅದು ಭಾಳ ಶ್ಯಾಣೇ ಐತಿ" ಎಂದು ಅಟ್ಟುತ್ತಿದ್ದರಂತೆ.

ಕಾಂಚನ ಮಾಯಪ್ಪನವರ ಬಳಿಗೇ ಹೋಗಿ, ಗೊತ್ತಿರುವುದನ್ನು ಮೊಬೈಲಿನಲ್ಲಿ ಹೇಳಿರಿ, ನಿಮ್ಮ ಹೆಸರಿನಲ್ಲೇ ಇಡುತ್ತೇನೆ ಎಂದು ಕೇಳಿದರು. ಉತ್ತರ ಬಂದದ್ದು ಹೀಗೆ: "ನನ್ನ ತೆಲಿಯಾಗಿಂದು ನಿನ್ನ ಡಬ್ಬಿಗೆ ತುಂಬಿ ನಾ ಮನ್ಯಾಗ ಕುಂದರ್ಲೇನ, ತಂಗಿ?"

ಆಗ ಕಾಂಚನ ಒಂದು ದಿನ ರಜೆ ಹಾಕಿ ಗಡಹಿಂಗ್ಲಜದ ಬಸ್ಸು ಹತ್ತಿದರು. ಅಲ್ಲಿ ಜಾಬರ್ ಆಗಿರುವ ಧನರಾಜ ಮಾಯಪ್ಪನವರ ಕೈಕೆಳಗೆ ಕಲಿತವನು. ತನ್ನ ದನಿ ಮೂರೂ ಊರಿಗೆ ಕೇಳುತ್ತದೆ ಎಂದಾಗ ಅವನಿಗೆ ಹಿಗ್ಗೋ ಹಿಗ್ಗು. ಮಗ್ಗ ನಿಂತು ಮತ್ತೆ ಶುರುವಾದಾಗ ಬಟ್ಟೆಗೆ ಅಡ್ಡಪಟ್ಟಿ ಬೀಳದಂತೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದ: "ಬಟ್ಟಿ ಸುತ್ತೋ ಗಾಲಿ ಒಂದ ಹಲ್ಲ ಹಿಂದ ತಗೋರಿ, ಆಮ್ಯಾಲ ಚಾಲೂ ಮಾಡ್ರಿ." ಕಾಂಚನ ಅದನ್ನು ಮಾಯಪ್ಪನ ಹೆಸರಿಗೆ ಜೋಡಿಸಿದರು. ಮಾಯಪ್ಪ ಎಂದು ಹುಡುಕಿದವರಿಗೆ ಧನರಾಜ ಸಿಗತೊಡಗಿದ. ಬರಿಗೈ ಹುಡುಕಾಟ ಮೊದಲ ಬಾರಿಗೆ ಇಳಿಯಿತು.

ಒಂದು ಮಳೆಯ ಬೆಳಿಗ್ಗೆ ಯುವರಾಜ ಆ ದನಿ ಕೇಳಿ ಹಾಗೆಯೇ ಮಾಡಿದ. ಅಡ್ಡಪಟ್ಟಿ ಹೋಗುವ ಬದಲು ಇನ್ನಷ್ಟು ದಪ್ಪಗೆ ಬಿತ್ತು. ಮತ್ತೆ ಮಾಡಿದ, ಮತ್ತೆ ಬಿತ್ತು. ಕೊನೆಗೆ ಮಾಯಪ್ಪನವರನ್ನೇ ಕರೆಯಬೇಕಾಯಿತು. ಅವರು ಬಟ್ಟೆ ನೋಡಿದರು, ಮೊಬೈಲಿನಿಂದ ಬರುತ್ತಿದ್ದ ದನಿಯನ್ನು ಕೇಳಿದರು, ನೆಟ್ಟಗೆ ಈ ಮೇಜಿಗೆ ನಡೆದು ಬಂದರು.

"ಯಾಂವ ಇಂವ?"

"ಧನರಾಜ ಅದಾನ, ಕಾಕಾ. ನಿಮ್ಮ ಕಡೆನ ಕಲ್ತಾನಂತ."

"ಅವಗ ನಾ ಅರ್ಧಾ ಕಲಿಸೇನಿ. ಮೊದಲ ಕೈಬೆನ್ನ ಎಳಿ ಮ್ಯಾಲ ಇಟ್ಟ ನೋಡಬೇಕು. ಮಳಿಗಾಲದಾಗ ಎಳಿ ತಾವ ಸಡಲ ಆಗಿರ್ತಾವ, ಆಗ ಗಾಲಿ ಮುಟ್ಟಬಾರದು. ಗಡಹಿಂಗ್ಲಜದಾಗ ಹೊಸಾ ಮಗ್ಗ, ತಂಪ ಹಿಡಿಯೂದಿಲ್ಲ. ಅವಗ ಏನ ಗೊತ್ತು? ಮತ್ತ ಅದನ್ನ ನನ್ನ ಹೆಸರಿಲೆ ಹೇಳ್ತಾನ?"

"ಹಂಗಾರ ನೀವ ಹೇಳ್ರಿ."

"ಚಾಲೂ ಮಾಡು ನಿನ್ನ ಮೊಬೈಲ್."

ಮಾಯಪ್ಪನವರಿಗೆ ಕಿಚ್ಚು ಹತ್ತಲಿ ಎಂದೇ ಧನರಾಜನ ದನಿ ಹಾಕಿದಿರೇ ಎಂದು ಕೇಳುತ್ತೇನೆ. ಕಾಂಚನ ಪರದೆ ಒರೆಸುತ್ತಾರೆ. "ನಂಗ ಹೊಟ್ಟಿಕಿಚ್ಚ ಹೊಸದಲ್ಲಲ್ರಿ. ಅದು ಯಾರನ್ನ ಎಲ್ಲಿತನಕ ನಡಿಸ್ತೈತಿ ಅಂತ ಅಂದಾಜ ಇತ್ತು. ಆದ್ರ ಬಟ್ಟಿ ಕೆಟ್ಟದ್ದು ನನ್ನ ತಪ್ಪು. ಒಬ್ಬರಿಗೆ ತೋರಿಸಿ ಹಾಕಬೇಕಿತ್ತು." ಆ ದಿನದಿಂದ ಎರಡನೆಯವರೊಬ್ಬರು ಕೇಳಿ ಒಪ್ಪದೆ ಯಾರ ದನಿಯನ್ನೂ ಅವರು ಒಳಗೆ ಬಿಡುವುದಿಲ್ಲ. ಧನರಾಜನದನ್ನು ಮಾಯಪ್ಪ ಕೇಳುತ್ತಾರೆ, ಮಾಯಪ್ಪನದನ್ನು ಧನರಾಜ. ಒಬ್ಬರದನ್ನು ಒಬ್ಬರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ; ಹಾಗಾಗಿ ಇಂಥ ಪರೀಕ್ಷೆ ಬೇರೆಲ್ಲೂ ಸಿಗದು.

ಆಮೇಲೆ ಮಾಯಪ್ಪ ನಿಲ್ಲಲಿಲ್ಲ. ಪಾಳಿಗೆ ಮುಂಚೆ ಬಂದು ಕೂತು, ಮೋಡ ಕವಿದಾಗ ಎಳೆ ಸಡಿಲಾಗುವುದರಿಂದ ಹಿಡಿದು ಲಾಳಿ ಹಾರಿ ಬೀಳುವುದರವರೆಗೆ ಎಲ್ಲವನ್ನೂ ಹೇಳುತ್ತಾರೆ. ಎದ್ದು ಹೋಗುವಾಗ ಒಂದು ಪ್ರಶ್ನೆ ತಪ್ಪುವುದಿಲ್ಲ: "ನಿನ್ನೆ ನನ್ನ ದನಿ ಎಷ್ಟ ಮಂದಿ ಕೇಳ್ಯಾರ? ಅವಂದು?" ಅಷ್ಟೇ ಅಲ್ಲ, ದನಿ ಕೇಳಿದವರು ಇನ್ನೊಂದು ಸಂಶಯ ಹಿಡಿದು ಕಟ್ಟೆಗೇ ಬರುತ್ತಾರೆ. ಈಗ ಮತ್ತೆ ಅವರ ಚಹಾ ಅರ್ಧಕ್ಕೇ ತಣ್ಣಗಾಗುತ್ತಿದೆ.

ದೀಪಾವಳಿಗೆ ಮುಂಚೆ ಅಭಯ ಕೊಲ್ಹಾಪುರದಿಂದ ಬಂದರು. ಬರಿಗೈ ಹುಡುಕಾಟ ಅರ್ಧಕ್ಕಿಂತ ಕೆಳಗಿಳಿದಿತ್ತು, ಮೇಜು ಉಳಿಯಿತು. ಕ್ಯಾಂಟೀನಿನಲ್ಲಿ ಸಣ್ಣ ಸಮಾರಂಭ. ಮಾಯಪ್ಪನವರಿಗೆ ಶಾಲು, ಧನರಾಜನಿಗೆ ತೆಂಗಿನಕಾಯಿ, ಡಬ್ಬಿಯ ಬಗ್ಗೆ ಉದ್ದ ಭಾಷಣ. ಕಾಂಚನ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅವರ ಹೆಸರು ಬರಲಿಲ್ಲ. ಅಭಯ ಹೊರಡುವಾಗ ನೆನಪಾಗಿ, "ಅರೆ, ನಿಮ್ಮನ್ನ ಮರತೇಬಿಟ್ಟೆ" ಎಂದರಂತೆ.

"ಶಾಲು ಹಸರ ಬಣ್ಣದ್ದು, ಚಲೋ ಇತ್ತು" ಎನ್ನುತ್ತಾರೆ ಕಾಂಚನ. "ಮನಿಗೆ ಹೋಗಿ ನಮ್ಮವ್ವನ ಮುಂದ ಸಿಟ್ಟ ಮಾಡಿದೆ. ಆಕಿ ಬಾಯಾಗ ತುತ್ತ ಇಟ್ಕೊಂಡ ನಕ್ಕಳು. ನಾ ಉಣಿಸಾಕ ಮನ್ಯಾಗಿದ್ನಲ್ರಿ, ಮತ್ತ ಯಾವ ಶಾಲು?"

ಪಾಳಿ ಬದಲಾಗಿದೆ. ಮೇಜಿನ ಮುಂದೆ ಒಬ್ಬೊಬ್ಬರೇ ಬಂದು, ಬೇಕಾದ್ದು ಸಿಕ್ಕಿದೊಡನೆ ಎದ್ದು ನಡೆಯುತ್ತಾರೆ. ಹೋಗುವವರ ಬೆನ್ನು ನೋಡುತ್ತ ಕಾಂಚನ ಹೇಳುತ್ತಾರೆ:

"ಸಿಕ್ಕಿತು ಅಂದ್ರ ಮಂದಿ ನಿಲ್ಲೂದಿಲ್ರಿ. ಯಾರೂ ನನ್ನ ಮಾತಾಡಸದ ಹೋದ್ರ ಆ ದಿನ ನನ್ನ ಕೆಲಸ ಚಲೋ ಆಗೈತಿ ಅಂತ ಲೆಕ್ಕ. ಅಂಥಾ ದಿನ ಭಾಳ ಆಗ್ಲಿ. ನಡುವ ಎಂದರ ಒಮ್ಮೆ, ಏನೂ ಕೇಳೂದು ಇಲ್ಲದವರೊಬ್ಬರು ಬಂದ ಈ ಕುರ್ಚಿ ಮ್ಯಾಲ ಕುಂದರ್ಲಿ."