ಹೆಬ್ಬೆರಳು ಹಿಡಿದು ಎಬ್ಬಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಜಿ ಸೈನಿಕರ ಆರೈಕೆ ಮನೆಯ ಮೇಲಂತಸ್ತಿನ ವಾರ್ಡಿನಲ್ಲಿ ನರ್ಸಿಂಗ್ ಸಹಾಯಕಿ ಒಂದೊಂದೇ ಮಂಚದ ಕಾಲ್ದೆಸೆಗೆ ಬಂದು ನಿಲ್ಲುತ್ತಾರೆ. ಹೊದಿಕೆಯ ಅಂಚು ಸರಿಸಿ, ಮಲಗಿದವರ ಕಾಲಿನ ಹೆಬ್ಬೆರಳನ್ನು ಮೆತ್ತಗೆ ಹಿಡಿಯುತ್ತಾರೆ. "ನಾನು ಅಣ್ಣಾ. ಬೆಳಗಾಯ್ತು. ವಾರ್ಡಲ್ಲಿದ್ದೀರಿ" ಎನ್ನುತ್ತಾರೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕಾಯುತ್ತಾರೆ. ಕಣ್ಣು ಬಿಟ್ಟವರು ಮೊದಲು ಚಾವಣಿ ನೋಡುತ್ತಾರೆ, ಬಾಗಿಲು ನೋಡುತ್ತಾರೆ, ಕೊನೆಗೆ ಇವರ ಮುಖ ನೋಡುತ್ತಾರೆ. ಗುರುತು ಸಿಕ್ಕಿದ್ದು ಖಾತ್ರಿಯಾದ ಮೇಲೆಯೇ ಇವರು ದಿಂಬಿನ ಹತ್ತಿರ ಹೋಗುವುದು.

ಎರಡೂ ಕಾಲಿಲ್ಲದವರು ಒಬ್ಬರಿದ್ದಾರೆ. ಅವರ ಮಂಚದ ಕಂಬಿಯನ್ನು ಉಗುರಿನಿಂದ ತಟ್ಟಬೇಕು. "ನನ್ನ ಹೆಬ್ಬೆರಳು ಎಲ್ಲಾದ್ರೂ ಸಿಕ್ಕಿದ್ರೆ ಹೇಳು ಅಕ್ಕ, ನಾನೂ ಹುಡುಕ್ತಾನೇ ಇದ್ದೀನಿ" ಎಂದು ಅವರು ದಿನಾ ಒಂದೇ ಜೋಕು ಹೊಡೆಯುತ್ತಾರೆ. ಅಕ್ಕ ದಿನಾ ನಗುತ್ತಾರೆ. ಎಂಬತ್ತು ದಾಟಿದವರ ಬಾಯಲ್ಲೂ ಇವರು ಅಕ್ಕನೇ, ಹಾಗಾಗಿ ನಾನೂ ಅಕ್ಕ ಎಂದೇ ಬರೆಯುತ್ತೇನೆ.

ಭುಜ ಮುಟ್ಟಿ ಎಬ್ಬಿಸಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಕ್ಕ ಕಲಿಸುವ ಮೊದಲ ಪಾಠ ಇದು. "ಎಚ್ಚರ ಇದ್ದಾಗ ಇವ್ರಿಗೆ ಎಂಬತ್ತು. ನಿದ್ದೆಲಿ ಇಪ್ಪತ್ತೇ. ಭುಜದ ಮೇಲೆ ಕೈ ಬಿದ್ರೆ ಯಾರೋ ಕೊಲ್ಲೋಕೆ ಬಂದ್ರು ಅಂತಾನೇ ಏಳೋದು" ಎಂದು ಅವರು ವಿವರಿಸುತ್ತಾರೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಮೇಲಿನ ಸಾಲಿನ ಎರಡು ಹಲ್ಲಿಲ್ಲ. ಅದಕ್ಕೇ ಈ ಲೇಖನದ ಜೊತೆ ಅವರ ಫೋಟೋ ಕೂಡ ಇಲ್ಲ.

ನಾನು ಪತ್ರಿಕೆಯವನು, ನಿಮ್ಮ ಬಗ್ಗೆ ಬರೆಯಬೇಕು ಎಂದು ಹೇಳಿದಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೆಳಿಗ್ಗೆ ಎದ್ದು ಕಾಫಿ ಕುಡೀತಾ ಓದೋ ಪೇಪರಲ್ಲಿ ಇದನ್ನೆಲ್ಲ ಬರೀತೀರಾ?" ಎಂದು ಕೇಳಿದ್ದರು. ಬರೆಯುತ್ತೇನೆ, ಓದುವವರು ಕಾಫಿ ಪಕ್ಕಕ್ಕಿಡಲಿ. ಬೆಳಿಗ್ಗೆ ಎಲ್ಲರ ಒದ್ದೆ ಬಟ್ಟೆ ಬದಲಿಸಬೇಕು. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗಿ ಕೀವು ತುಂಬುತ್ತದೆ. ಸ್ನಾನ, ಕ್ಷೌರ, ಉಗುರು, ಮಾತ್ರೆ, ಗಂಜಿ. ನುಂಗಲು ಮರೆತವರ ಗಂಟಲು ಸವರಿ ನುಂಗಿಸಬೇಕು. ಬೈದರೆ ಬೈಸಿಕೊಳ್ಳಬೇಕು, ಅತ್ತರೆ ಕೂತು ಕೇಳಬೇಕು. ಹದಿನೆಂಟು ವರ್ಷದಿಂದ ಅಕ್ಕ ಮಾಡುತ್ತಿರುವುದು ಇದನ್ನೇ. ಇವರಿಗೆ ಗುತ್ತಿಗೆ ಕೆಲಸ, ಅದೂ ವರ್ಷ ವರ್ಷ ಹೊಸದು. ಈ ಸೈನಿಕರು ಯುದ್ಧಕ್ಕೆ ಹೋಗುವಾಗ ಹಾರ ಹಾಕಲು ಊರೇ ನೆರೆದಿತ್ತಂತೆ, ಈಗ ಬಟ್ಟೆ ಬದಲಿಸಲು ಇವರೊಬ್ಬರು.

ಕಿಟಕಿ ಪಕ್ಕದ ಮಂಚ ಖಾಲಿಯಿದೆ. ಅದರ ಮೇಲೂ ಒಗೆದ ಚಾದರವಿದೆ. ಅದು ಲಾರಿ ತಾತನ ಮಂಚ.

ಲಾರಿ ತಾತ ಸೈನ್ಯದಲ್ಲಿ ಚಾಲಕರಾಗಿದ್ದವರು, ಮುಂಚೂಣಿಯಿಂದ ಗಾಯಾಳುಗಳನ್ನು ತುಂಬಿಕೊಂಡು ಬರುವುದು ಅವರ ಕೆಲಸವಾಗಿತ್ತು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ನಿದ್ದೆಯಲ್ಲೂ ಅವರ ಬಲಗಾಲು ಬ್ರೇಕು ಒತ್ತುತ್ತಲೇ ಇರುತ್ತದೆ. ಅಕ್ಕನಿಗೆ ಅವರೆಂದರೆ ಒಂದು ತೂಕ ಹೆಚ್ಚು. ಇಲ್ಲಿಗೆ ಬಂದ ಹೊಸದರಲ್ಲಿ ಹೆಣದ ಮುಖ ತೊಳೆಯುವುದನ್ನು ಅಕ್ಕನಿಗೆ ಪಕ್ಕದಲ್ಲಿ ನಿಂತು ನೀರು ಹುಯ್ದು ಕಲಿಸಿಕೊಟ್ಟವರು ಅವರೇ. ಆಗ ಅವರಿಗಿನ್ನೂ ನಡೆಯಲು ಆಗುತ್ತಿತ್ತು.

ತಾನೇ ಹೊಸಬರಿಗೆ ಕಲಿಸುವ ಪಾಠವನ್ನು ಅಕ್ಕ ಮರೆತದ್ದು ಇವರ ಮಂಚದ ಬಳಿಯೇ. ಅಕ್ಕನ ಗಂಡ ಕಲ್ಲು ಕತ್ತರಿಸುವ ಯಂತ್ರದ ಮುಂದೆ ದುಡಿದವರು, ಆ ದೂಳೆಲ್ಲ ಈಗ ಅವರ ಎದೆಯಲ್ಲಿ ಕೂತಿದೆ. ಮಲಗಿದರೆ ಉಸಿರು ಕಟ್ಟುತ್ತದೆ. ಗಂಟಲು ಗೊರಗೊರ ಎಂದ ಕೂಡಲೇ ಭುಜ ಹಿಡಿದು ಎತ್ತಿ ಕೂರಿಸಬೇಕು. ಆರು ತಿಂಗಳ ಹಿಂದೆ ಒಂದು ರಾತ್ರಿಯೆಲ್ಲ ಅದನ್ನೇ ಮಾಡಿ, ಕಣ್ಣಿಗೆ ಕಣ್ಣು ಹಚ್ಚದೆ ಅಕ್ಕ ಕೆಲಸಕ್ಕೆ ಬಂದಿದ್ದರು.

"ತಾತನ ಗಂಟಲೂ ಅವತ್ತು ಹಂಗೇ ಗೊರಗೊರ ಅಂತಿತ್ತು. ನಮ್ಮನೆಯವ್ರ ಥರಾನೇ. ಹಾಳಾದ್ದು, ಕೈ ತಾನಾಗೇ ಭುಜಕ್ಕೆ ಹೋಯ್ತು" ಎನ್ನುತ್ತಾರೆ.

ತಾತನ ಮೊಣಕೈ ಅಕ್ಕನ ಬಾಯಿಗೆ ಬಡಿಯಿತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿ ಮುಗಿಸಬೇಕೆಂದು ಅಕ್ಕನ ಆಸೆ. ಅಷ್ಟರಲ್ಲಿ ಪಕ್ಕದ ಮಂಚದವರು ಗಾಬರಿಯಿಂದ ಕೂಗಿ ಮನೆಯನ್ನೆಲ್ಲ ಎಬ್ಬಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ತಾತನನ್ನು ಕೆಳಗಿನ ಬೀಗದ ವಾರ್ಡಿಗೆ ಸಾಗಿಸಿಯೂ ಆಗಿತ್ತು. ಅಲ್ಲಿ ಹೊಡೆಯುವ ರೋಗಿಗಳನ್ನು ಇಡುತ್ತಾರೆ, ಕೈಗಳನ್ನು ಬಟ್ಟೆಪಟ್ಟಿಯಿಂದ ಮಂಚಕ್ಕೆ ಕಟ್ಟುತ್ತಾರೆ.

ತಪ್ಪು ತನ್ನದು, ಅವರದಲ್ಲ ಎಂದು ಅಕ್ಕ ವೈದ್ಯರ ಮುಂದೆ ಎಷ್ಟು ಸಲ ನಿಂತರೋ ಲೆಕ್ಕವಿಲ್ಲ. ವೈದ್ಯರು ಕೆಟ್ಟವರಲ್ಲ. ನನ್ನನ್ನೂ ಕೂರಿಸಿಕೊಂಡು ಮಾತಾಡಿದರು. ತಾತ ಹೊಡೆದದ್ದು ಇದು ಮೊದಲ ಸಲವಲ್ಲವಂತೆ. ನಾಳೆ ಇನ್ನೊಬ್ಬರ ಕಣ್ಣು ಹೋದರೆ ಯಾರು ಹೊಣೆ, ಎಲ್ಲ ಪಾಳಿಗೂ ಅಕ್ಕನೇ ಇರುತ್ತಾರೆಯೇ ಎಂದು ಕೇಳಿದರು. ವಾದ ಮಾಡಬೇಕೆಂದು ಹೋಗಿದ್ದ ನಾನು ಎದ್ದು ಬಂದೆ. ತಾತ ಮತ್ತೆ ಮೇಲಿನ ವಾರ್ಡಿಗೆ ಬರುವುದಿಲ್ಲ. ಕಳೆದ ವಾರ ಅದು ತೀರ್ಮಾನವಾಯಿತು. ಅಕ್ಕನಿಗೂ ತಿಳಿಸಿದ್ದಾರೆ. ಚಾದರ ಮಾತ್ರ ಇನ್ನೂ ಬದಲಾಗುತ್ತಿದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಕ್ಕನ ಮಗಳು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳಂತೆ. ಅಪ್ಪನನ್ನು ನೋಡಿಕೊಳ್ಳಲು ಅವಳು ತನ್ನ ಹೊಲಿಗೆ ಕೆಲಸ ಬಿಟ್ಟು ಕೂತಿದ್ದಾಳೆ. ಅವಳ ಸಿಟ್ಟಿನಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ. ಅಕ್ಕನಿಗೂ ಕಾಣುವುದಿಲ್ಲ. ಗಂಡನಂತೂ, ನನ್ನ ಗೊರಕೆಯಿಂದ ನಿನ್ನ ಹಲ್ಲು ಹೋಯಿತು ಎಂದು ಒಂದು ದಿನ ಅತ್ತರಂತೆ. ಮನೆಯಲ್ಲೂ ಸಮಾಧಾನ ಹೇಳುವ ಪಾಳಿ ಅಕ್ಕನದೇ.

ಹತ್ತು ಗಂಟೆಗೆ ಅಕ್ಕನಿಗೆ ಚಹಾ ಬಿಡುವು. ಚಹಾ ಕುಡಿಯದೆ ಅವರು ಗಂಜಿಯ ಬಟ್ಟಲು ಹಿಡಿದು ಮೆಟ್ಟಿಲಿಳಿಯುತ್ತಾರೆ. ನಾನು ಬೀಗದ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಕಿಟಕಿಯೂ ಎತ್ತರ, ದೀಪಕ್ಕೂ ಜಾಲರಿ. ತಾತ ಒಣಗಿ ಕಡ್ಡಿಯಾಗಿದ್ದಾರೆ. ಬೇರೆಯವರು ಕೊಟ್ಟರೆ ಬಾಯಿ ತೆರೆಯುವುದಿಲ್ಲವಂತೆ. ಅಕ್ಕ ಪಟ್ಟಿ ಬಿಚ್ಚುತ್ತಾರೆ, ಮಣಿಕಟ್ಟು ಉಜ್ಜುತ್ತಾರೆ, ಚಮಚದಿಂದ ಗಂಜಿ ಕುಡಿಸುತ್ತಾರೆ. ನಾಲ್ಕು ಚಮಚ ಆದ ಮೇಲೆ ತಾತ ತಡೆದು, ಅವರ ಮುಖವನ್ನೇ ನೋಡುತ್ತಾರೆ. ಬಿಡುಗಡೆಯಾದ ಕೈಯನ್ನು ಎತ್ತಿ ಅವರ ತುಟಿಯ ಹತ್ತಿರ ತರುತ್ತಾರೆ.

"ಯಾರಮ್ಮ ನಿನ್ನ ಹೊಡೆದಿದ್ದು?"

"ಯಾರೂ ಇಲ್ಲ ತಾತ. ಬಿದ್ದೆ."

"ಸುಳ್ಳು ಹೇಳ್ಬೇಡ. ಹೆಣ್ಮಗಳ ಮೇಲೆ ಕೈ ಮಾಡ್ದೋನು ಯಾರು, ತೋರಿಸು. ನಾನು ವಿಚಾರಿಸ್ಕೋತೀನಿ."

ಈ ಪ್ರಶ್ನೆ ದಿನಾ ಬರುತ್ತದಂತೆ. ಉತ್ತರವೂ ಅದೇ. ಬಟ್ಟಲು ಖಾಲಿಯಾಗುತ್ತದೆ, ಬಿಡುವೂ ಮುಗಿಯುತ್ತದೆ. ಅಕ್ಕ ತಾತನ ಬಾಯಿ ಒರೆಸಿ, ಪಟ್ಟಿ ಎತ್ತಿಕೊಂಡು, ಎರಡೂ ಕೈಗಳನ್ನು ಮತ್ತೆ ಮಂಚಕ್ಕೆ ಕಟ್ಟುತ್ತಾರೆ. ತಾತ ಮಗುವಿನ ಹಾಗೆ ಕೈ ಕೊಡುತ್ತಾರೆ. ನನಗೆ ನೋಡಲಾಗಲಿಲ್ಲ. ಹೊರಗೆ ಬಂದ ಮೇಲೆ, ಕಟ್ಟುವುದನ್ನಾದರೂ ಅಲ್ಲಿನವರಿಗೆ ಬಿಡಬಾರದಿತ್ತೇ ಎಂದು ಕೇಳಿಯೇಬಿಟ್ಟೆ. ಅಕ್ಕ ಖಾಲಿ ಬಟ್ಟಲು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

"ಅವ್ರು ಕಟ್ಟಿದ್ರೆ ಕೈ ಊದ್ಕೊಳ್ಳತ್ತೆ. ನಾನು ಎರಡು ಬೆರಳು ಆಡೋಷ್ಟು ಸಡಿಲ ಬಿಡ್ತೀನಿ. ನಾನು ಕಟ್ಟಿದ್ದು ಯಾವತ್ತೂ ತಾತನಿಗೆ ನೋವಾಗಿಲ್ಲ."